ಮನೆಯೊಳಗೊಂದು ಬಾನುಲಿ

ಹಬ್ಬಕ್ಕೆಂದು ಮನೆಯನ್ನು ಒಪ್ಪಮಾಡುತ್ತಿದ್ದ ದಿನ ಅದು. ಹದಿಮೂರು ವರ್ಷದ ನನ್ನ ಮಗಳು ಗೋಡೆಯ ಮೇಲಿದ್ದ ನನ್ನ ತಂದೆಯವರ ಪಟವನ್ನು ಕೆಳಗಿಳಿಸಿ ಒರೆಸುತ್ತಿದ್ದಳು. ಒರೆಸುವ ಕೈಯನ್ನು ನಿಲ್ಲಿಸಿ, “ಅಪ್ಪಾ, ತಾತನ ದನಿ ಹೇಗಿತ್ತು?” ಎಂದು ಕೇಳಿದಳು.

ನಾನು ಹಲವು ವರ್ಷಗಳಿಂದ ತರಗತಿಯಲ್ಲಿ ಮಾತನಾಡಿಯೇ ಅನ್ನ ಉಂಡವನು. ಆದರೂ ಆ ಪ್ರಶ್ನೆಗೆ ನನಗೆ ಮಾತು ಸಿಕ್ಕಲಿಲ್ಲ. ದನಿ ಗಡಸಾಗಿತ್ತೆಂದೆ, ಕೊನೆಕೊನೆಗೆ ಸ್ವಲ್ಪ ಒಡೆದಿತ್ತೆಂದೆ, ಕೂಗಿ ಕರೆದರೆ ಮೂರು ಹೊಲದ ಆಚೆಗೆ ಕೇಳುತ್ತಿತ್ತೆಂದೆ. ಅವರಂತೆ ಮಾತನಾಡಿ ತೋರಿಸಲು ಹೋದೆ. ಹುಡುಗಿ ನಕ್ಕುಬಿಟ್ಟಳು. ನನ್ನ ಬಾಯಿಂದ ಬಂದುದು ನನ್ನ ದನಿಯೇ. ತಂದೆಯವರ ಪಟಗಳಿವೆ, ಅವರ ರುಜು ಇರುವ ಪತ್ರಗಳಿವೆ, ಅವರು ಹಿಡಿಯುತ್ತಿದ್ದ ಊರುಗೋಲಿದೆ. ದನಿ ಮಾತ್ರ ಎಲ್ಲಿಯೂ ಉಳಿದಿಲ್ಲ.

ಆ ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಮೊದಲಾದ ಒಂದು ಕೆಲಸದ ಸಂಗತಿಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಹೂಡಿಯ ನಮ್ಮ ಮನೆಯಲ್ಲಿ ನಾನೂ ನನ್ನ ಮಗಳೂ ಸೇರಿ ಒಂದು ಪಾಡ್‌ಕಾಸ್ಟ್ ಆರಂಭಿಸಿದೆವು. ನಿಮ್ಮ ಮನೆಗಳಲ್ಲಿಯೂ ಮಕ್ಕಳಿದ್ದಾರೆ, ಹಿರಿಯರಿದ್ದಾರೆ. ನಮಗೆ ಆದ ಅನುಭವ ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಆ ಹೆಸರಿನ ವಿಚಾರ. ‘ಪಾಡ್‌ಕಾಸ್ಟ್’ ಎಂಬ ಮಾತು 2004ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರ ಬರಹದಲ್ಲಿ ಹುಟ್ಟಿತು. ಆಗ ಬಳಕೆಯಲ್ಲಿದ್ದ ಐಪಾಡ್ ಎಂಬ ಹಾಡುಪೆಟ್ಟಿಗೆಯ ಹೆಸರಿನ ಬಾಲವನ್ನೂ ಬ್ರಾಡ್‌ಕಾಸ್ಟ್ ಎಂಬ ಮಾತಿನ ಬಾಲವನ್ನೂ ಸೇರಿಸಿ ಕಟ್ಟಿದ ಪದ ಇದು. ಬ್ರಾಡ್‌ಕಾಸ್ಟ್ ಎಂಬುದಾದರೋ ಮೂಲದಲ್ಲಿ ರೈತನ ಮಾತು. ಕೈಯಲ್ಲಿ ಬೀಜ ಹಿಡಿದು ಹೊಲದ ತುಂಬ ಎರಚಿ ಬಿತ್ತುವುದೆಂದು ಅದರ ಅರ್ಥ. ನಮ್ಮಲ್ಲಿ ಅದಕ್ಕೆ ‘ಬಿತ್ತರಿಸು’ ಎನ್ನುತ್ತೇವೆ. ಇದೂ ಬಿತ್ತನೆಗೆ ಸೇರಿದ ಮಾತೆಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷವೂ ಭಾವಿಸುವುದುಂಟು. ಅದು ಸರಿಯಲ್ಲ, ‘ವಿಸ್ತರ’ ಎಂಬ ಸಂಸ್ಕೃತ ಶಬ್ದದ ತದ್ಭವ ‘ಬಿತ್ತರ’. ಎರಡು ಭಾಷೆಗಳ ಎರಡು ಮಾತುಗಳು ಒಂದೇ ಹೊಲದ ಬದುವಿನಲ್ಲಿ ಹೀಗೆ ಆಕಸ್ಮಿಕವಾಗಿ ಸಂಧಿಸಿವೆ, ಅಷ್ಟೆ.

ರೇಡಿಯೋ ಎಂಬುದು ಎರಚುಬಿತ್ತನೆ. ಹೊತ್ತಿಗೆ ಸರಿಯಾಗಿ ಕೇಂದ್ರದವರು ಬಿತ್ತುತ್ತಾರೆ. ಆ ಹೊತ್ತಿಗೆ ಪೆಟ್ಟಿಗೆ ತಿರುಗಿಸಿದವರ ಕಿವಿಗೆ ಬೀಳುತ್ತದೆ. ಪಾಡ್‌ಕಾಸ್ಟಿನ ರೀತಿ ಬೇರೆ. ಮಾತನ್ನು ಮುದ್ರಿಸಿ ಅಂತರಜಾಲದಲ್ಲಿ ಇಟ್ಟಿರುತ್ತಾರೆ. ಬೇಕಾದವರು ಬೇಕಾದಾಗ ತೆಗೆದು ಕೇಳುತ್ತಾರೆ, ನಡುವೆ ನಿಲ್ಲಿಸುತ್ತಾರೆ, ಮರುದಿನ ಮುಂದುವರಿಸುತ್ತಾರೆ. ನಾನು ಇದನ್ನು ನಮ್ಮ ತಾಯಿಯವರಿಗೆ ವಿವರಿಸಿದಾಗ ಅವರು, “ಹಾಗಾದರೆ ಅದು ಹಗೇವು ಅನ್ನು” ಎಂದರು. ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಕೇಳಿಲ್ಲ. ಬೆಂಗಳೂರು, ಕೋಲಾರದ ಕಡೆ ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ವರ್ಷಗಳ ಮೇಲೆ ತೆಗೆದರೂ ಕಾಳು ಕೆಡುತ್ತಿರಲಿಲ್ಲ.

ಮನೆಯಿಂದ ಪ್ರಸಾರ ಮಾಡುವುದು ಹೊಸ ಕಾಲದ ಹುಚ್ಚೆಂದು ಕೆಲವರು ಹೇಳಿಯಾರು. ಕನ್ನಡನಾಡಿನ ಬಾನುಲಿಯ ಚರಿತ್ರೆ ಮೊದಲಾದುದೇ ಒಂದು ಮನೆಯಲ್ಲಿ ಎಂಬುದನ್ನು ನೀವು ಬಲ್ಲಿರಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ವಾಸದ ಮನೆ ‘ವಿಠ್ಠಲ ವಿಹಾರ’ದಿಂದ, 30 ವ್ಯಾಟಿನ ಒಂದು ಪುಟ್ಟ ಪ್ರೇಷಕಯಂತ್ರದ ಸಹಾಯದಿಂದ ಪ್ರಸಾರವನ್ನು ಆರಂಭಿಸಿದರು. ನಮ್ಮ ಮನೆಯ ದೀಪದ ಬುರುಡೆಗೆ ಸಾಲುವಷ್ಟು ಶಕ್ತಿ! ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಬಂತು.

ಇನ್ನೊಂದು ನಿದರ್ಶನ ನಮ್ಮ ಹೂಡಿಗೆ ಹತ್ತಿರದ್ದು. ಇಲ್ಲಿಂದ ಹೋಗುವ ರೈಲು ಹಳಿಯ ಮೇಲೆಯೇ ಪೂರ್ವಕ್ಕೆ ಸಾಗಿದರೆ ಬಂಗಾರಪೇಟೆ. ಅದೇ ತಾಲ್ಲೂಕಿನಲ್ಲಿದೆ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. 2000ದ ದಶಕದ ಆರಂಭದಲ್ಲಿ ಅಲ್ಲಿಯ ಹಳ್ಳಿಗರು, ಮುಖ್ಯವಾಗಿ ಹೆಂಗಸರ ಸಂಘಗಳವರು, ‘ನಮ್ಮ ಧ್ವನಿ’ ಎಂಬ ಹೆಸರಿನಿಂದ ತಮ್ಮ ಕಾರ್ಯಕ್ರಮಗಳನ್ನು ತಾವೇ ತಯಾರಿಸಿದರು. ಗಾಳಿಯ ಮೇಲೆ ಪ್ರಸಾರ ಮಾಡಲು ಅಂಥವರಿಗೆ ಆಗ ಅನುಮತಿ ಇರಲಿಲ್ಲ. ಆದುದರಿಂದ ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಹರಿಸಿದರು. ಸೇವಾಸಂಸ್ಥೆಗಳು ಸಮುದಾಯ ಬಾನುಲಿ ನಡೆಸಬಹುದೆಂದು ಸರ್ಕಾರ ಒಪ್ಪಿದ್ದು 2006ರಲ್ಲಿ. ಅಷ್ಟೇಕೆ, 1980ರ ದಶಕದವರೆಗೂ ರೇಡಿಯೋ ಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸು ಬೇಕಾಗಿತ್ತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬಂದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಕೇಳುವುದಕ್ಕೇ ಅನುಮತಿ ಬೇಕಿದ್ದ ನಾಡಿನಲ್ಲಿ ಈಗ ಅಪ್ಪ ಮಗಳು ಅಡಿಗೆಮನೆಯ ಪಕ್ಕದಲ್ಲಿ ಕುಳಿತು ಮಾತನಾಡಿ ಲೋಕಕ್ಕೆಲ್ಲ ಕೇಳಿಸಬಹುದು. ಇದು ಸಣ್ಣ ಬದಲಾವಣೆಯಲ್ಲ.

ಇಬ್ಬರು ಕುಳಿತು ಮಾತನಾಡಿ ಮೂರನೆಯವರಿಗೆ ಕೇಳಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚನ ಮಾಡುತ್ತಾರೆ, ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೇವಲ ಮಾತಿನಿಂದಲೇ ಕೃಷ್ಣನೂ ಕೌರವನೂ ಎದುರೆದುರು ನಿಲ್ಲುತ್ತಾರೆ. ಹಳ್ಳಿಯ ಜಗಲಿಯ ಮೇಲೆ ಕಥೆ ಹೇಳುವ ಅಜ್ಜಿಗೂ ಹೂಂಗುಟ್ಟುವವರೊಬ್ಬರು ಬೇಕು. ಹೂಂಗುಟ್ಟು ನಿಂತರೆ ಕಥೆಯೂ ನಿಂತಿತೆಂದೇ ತಿಳಿಯಬೇಕು.

ಇನ್ನು ನಮ್ಮ ಕೆಲಸಕ್ಕೆ ಬರುತ್ತೇನೆ. ಸಲಕರಣೆಯ ಖರ್ಚು ಏನೂ ಆಗಲಿಲ್ಲ. ಮನೆಯಲ್ಲಿದ್ದ ಮೊಬೈಲ್ ಫೋನೇ ಸಾಕಾಯಿತು. ಕಷ್ಟವಾದುದು ನಿಶ್ಶಬ್ದವನ್ನು ಹುಡುಕುವುದು. ರಾಗಿಯ ಹೊಲಗಳಿದ್ದ ಹೂಡಿಯಲ್ಲಿ ಆ ತೊಂದರೆ ಇದ್ದಿರಲಾರದು. 1998ರಲ್ಲಿ ಪಕ್ಕದಲ್ಲಿ ಐಟಿಪಿಎಲ್ ತೆರೆದ ಮೇಲೆ ಊರಿನ ಚಹರೆಯೇ ಬೇರೆಯಾಯಿತು. 2023ರ ಮಾರ್ಚ್ ತಿಂಗಳಿಂದ ಮೆಟ್ರೋ ರೈಲೂ ಓಡುತ್ತಿದೆ. ನಾವು ಮುದ್ರಣಕ್ಕೆ ಕುಳಿತೊಡನೆ ನೀರಿನ ಟ್ಯಾಂಕರು ಬರುವುದು. ಅದು ಹೋಯಿತೆನ್ನುವಷ್ಟರಲ್ಲಿ ರೈಲು ಕೂಗುವುದು. ಆಮೇಲೆ ನಮ್ಮ ಮನೆಯ ಕುಕ್ಕರೇ ಸಿಳ್ಳೆ ಹಾಕುವುದು. ಕೊನೆಗೆ ಬೆಳಗಿನ ಐದೂವರೆ ಗಂಟೆಯೇ ಪ್ರಶಸ್ತವೆಂದು ಕಂಡುಕೊಂಡೆವು.

ಕಲಿತ ಕೆಲವು ಉಪಾಯಗಳನ್ನು ನಿಮಗೂ ಹೇಳುತ್ತೇನೆ. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಗೊಳ್ಳುತ್ತದೆ; ಬಟ್ಟೆಯ ಬೀರುವಿನ ಬಾಗಿಲು ತೆರೆದು, ಹಾಸಿಗೆಯ ಮೇಲೆ ಕುಳಿತು ಮಾತನಾಡಿದರೆ ಬಟ್ಟೆ, ಹತ್ತಿಗಳು ಆ ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಫ್ಯಾನು ನಿಲ್ಲಿಸಬೇಕು. ಫೋನಿಗೆ ಕರೆ ಬಾರದಂತೆ ವಿಮಾನದ ಗುರುತನ್ನು ಒತ್ತಬೇಕು. ಫೋನು ಬಾಯಿಗೆ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇರಬೇಕು. ನೇರವಾಗಿ ಹಿಡಿದರೆ ಮಹಾಪ್ರಾಣಾಕ್ಷರಗಳ ಉಸಿರು ಯಂತ್ರಕ್ಕೆ ಗುದ್ದಿದಂತೆ ಬಡಿಯುತ್ತದೆ. ಮಹಾಪ್ರಾಣವನ್ನು ಸ್ಪಷ್ಟವಾಗಿ ಉಚ್ಚರಿಸಿರೆಂದು ಮಕ್ಕಳನ್ನು ಗದರಿಸುತ್ತ ಬಂದ ನಾನು, ಭ, ಫಗಳ ಬಳಿ ಮುಖ ತಿರುಗಿಸುವುದನ್ನು ಮಗಳಿಂದ ಕಲಿಯಬೇಕಾಯಿತು. ಒಂದು ಕಂತಿಗೆ ಹತ್ತು ನಿಮಿಷ ಸಾಕು.

ಮೊದಲ ಕಂತಿಗೆ ವಿಷಯವಾಗಿ ನಮ್ಮ ತಾಯಿಯವರು ಹೇಳಿದ ಆ ಹಗೇವನ್ನೇ ಆರಿಸಿಕೊಂಡೆವು. ಮಗಳು ಕೇಳುವುದು, ನಾನು ಹೇಳುವುದು ಎಂದು ಗೊತ್ತುಮಾಡಿಕೊಂಡೆವು. ಮುದ್ರಣ ಮುಗಿದಾಗ ನನಗೆ ತುಂಬ ಸಮಾಧಾನವಾಗಿತ್ತು. ವಿಷಯ ಚೆನ್ನಾಗಿ ಬಂದಿದೆ, ಭಾಷೆ ಶುದ್ಧವಾಗಿದೆ ಎಂದುಕೊಂಡೆ. ಮಗಳು ಮಾತ್ರ ಸುಮ್ಮನಿದ್ದಳು. ಸಂಜೆ ಇಬ್ಬರೂ ಕುಳಿತು ಅದನ್ನು ಮರಳಿ ಕೇಳಿದೆವು.

ಹತ್ತು ನಿಮಿಷದಲ್ಲಿ ಎಂಟೂವರೆ ನಿಮಿಷ ನಾನೇ ಮಾತನಾಡಿದ್ದೆ. ಮಗಳು ಪ್ರಶ್ನೆಯನ್ನು ಆರಂಭಿಸಿದಾಗಲೆಲ್ಲ, ಅದು ಮುಗಿಯುವ ಮೊದಲೇ ಉತ್ತರ ಕೊಡಲು ತೊಡಗಿದ್ದೆ. ಒಂದು ಕಡೆ ಅವಳು, “ಆದರೆ ಅಪ್ಪಾ, ಒಳಗೆ ಇಳಿದವರಿಗೆ...” ಎಂದು ಏನೋ ಕೇಳಲು ಹೋಗಿದ್ದಳು, ನಾನು, “ಇರು, ಅದಕ್ಕೇ ಬರುತ್ತೇನೆ” ಎಂದವನು ಕೊನೆಯವರೆಗೂ ಅದಕ್ಕೆ ಬರಲೇ ಇಲ್ಲ. ಅವಳ ‘ಹೂಂ’ ಮೊದಮೊದಲು ಗಟ್ಟಿಯಾಗಿತ್ತು, ಆಮೇಲೆ ಸಣ್ಣದಾಯಿತು, ಕಡೆಗೆ ನಿಂತೇಹೋಯಿತು. ನಾನು ಗಮನಿಸದೆ ಮುಂದುವರಿದಿದ್ದೆ.

“ನೀವು ಪಾಠ ಮಾಡ್ತಾ ಇದ್ದೀರಿ ಅಪ್ಪಾ,” ಎಂದಳು ಮಗಳು. ಸಿಟ್ಟಿನಿಂದ ಹೇಳಲಿಲ್ಲ. ಗೊತ್ತಿದ್ದ ಸಂಗತಿಯನ್ನು ಹೇಳುವಂತೆ ಹೇಳಿದಳು. ನನಗೆ ನಾಚಿಕೆಯಾಯಿತು. ಇದು ಆ ಹತ್ತು ನಿಮಿಷದ ಕಥೆ ಮಾತ್ರವಲ್ಲ, ಹದಿಮೂರು ವರ್ಷಗಳ ಕಥೆಯೆಂದು ಹೊಳೆಯಿತು. ಕನ್ನಡಿ ಮುಖವನ್ನು ತೋರಿಸುತ್ತದೆ. ನಾವು ಮನೆಯಲ್ಲಿ ಹೇಗೆ ಮಾತನಾಡುತ್ತೇವೆಂಬುದನ್ನು ತೋರಿಸುವ ಕನ್ನಡಿ ಈವರೆಗೆ ನಮ್ಮಲ್ಲಿರಲಿಲ್ಲ.

ಉಪನಿಷತ್ತುಗಳಲ್ಲಿ ಇಬ್ಬರು ತಂದೆಯರು ಬರುತ್ತಾರೆ. ಕಠೋಪನಿಷತ್ತಿನ ವಾಜಶ್ರವಸನು ಮುದಿಹಸುಗಳನ್ನು ದಾನ ಕೊಡುತ್ತಿದ್ದಾಗ ಬಾಲಕ ನಚಿಕೇತನು, ನನ್ನನ್ನು ಯಾರಿಗೆ ಕೊಡುವಿರೆಂದು ಕೇಳಿದನು. ಎರಡನೆಯ ಸಲವೂ ಕೇಳಿದನು, ಮೂರನೆಯ ಸಲವೂ ಕೇಳಿದನು. ತಂದೆಗೆ ಕೋಪ ಬಂದು ಮೃತ್ಯುವಿಗೆ ಕೊಟ್ಟೆನೆಂದನು. ಮಗನ ಪ್ರಶ್ನೆಗೆ ಉತ್ತರ ಕೊಡಲು ಕೊನೆಗೆ ಯಮನೇ ಬೇಕಾಯಿತು. ಛಾಂದೋಗ್ಯದ ಉದ್ದಾಲಕನ ರೀತಿ ಬೇರೆ. ಮಗ ಶ್ವೇತಕೇತು ಹನ್ನೆರಡು ವರ್ಷ ಓದಿ, ಬಲ್ಲೆನೆಂಬ ಗರ್ವದಿಂದ ಮನೆಗೆ ಬಂದಿದ್ದಾನೆ. ತಂದೆ ಅವನನ್ನು ಗದರಿಸುವುದಿಲ್ಲ. ಆಲದ ಹಣ್ಣನ್ನು ತರಿಸಿ, ಒಡೆಸಿ, ಏನು ಕಾಣುತ್ತದೆಂದು ಕೇಳುತ್ತಾನೆ. ಬೀಜವನ್ನು ಒಡೆಸಿ ಮತ್ತೆ ಕೇಳುತ್ತಾನೆ. ಉಪ್ಪನ್ನು ನೀರಿನಲ್ಲಿ ಹಾಕಿಸಿ, ಮರುದಿನ ಆ ನೀರನ್ನು ಕುಡಿಸಿ ರುಚಿ ಕೇಳುತ್ತಾನೆ. ಅಲ್ಲಿ ಉತ್ತರ ಕೊಡುವವನು ಮಗ, ಕಾಯುವವನು ತಂದೆ. ಈ ಎರಡು ಕಥೆಗಳನ್ನೂ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಾನು ಯಾವ ತಂದೆಯೆಂದು ಅದುವರೆಗೆ ಯೋಚಿಸಿರಲಿಲ್ಲ.

ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆಬೇರೆ ಮಾತುಗಳಿವೆ. ನಮ್ಮ ಹಿರಿಯರು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟರು. ಪ್ರಶ್ನೆ ಹಾಕಿದವನು ಉತ್ತರಕ್ಕೆ ಕಿವಿಗೊಡದಿದ್ದರೆ ಕೇಳಿದುದು ಅರ್ಧ ಮಾತ್ರ. ಇದನ್ನು ಅರಿತ ಮೇಲೆ ನಮ್ಮ ಕ್ರಮವನ್ನು ತಿರುಗಿಸಿದೆವು. ನಾನು ಕೇಳುವುದು, ಮಗಳು ಹೇಳುವುದು. ಕೆಲವು ಕಂತುಗಳಲ್ಲಿ ಮಗಳು ಕೇಳುವುದು, ಅವಳ ಅಜ್ಜಿ ಹೇಳುವುದು, ನಾನು ಬರಿದೆ ಗುಂಡಿ ಒತ್ತುವುದು. ಒಂದು ನಿಯಮ ಮಾಡಿಕೊಂಡೆವು: ಹೇಳುವವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಬಾಯಿ ತೆರೆಯಬೇಕು. ಆ ಮೂರು ಎಣಿಕೆಯ ಮೌನದಲ್ಲಿಯೇ ಮಕ್ಕಳೂ ಮುದುಕರೂ ನಿಜವಾಗಿ ಹೇಳಬೇಕೆಂದಿದ್ದ ಮಾತನ್ನು ಹೇಳುತ್ತಾರೆ.

ಅಮೆರಿಕದಲ್ಲಿ ಇಂಥ ಮಾತುಕತೆಗೆಂದೇ ಒಂದು ಸಂಸ್ಥೆಯಿದೆ. ಹೆಸರು ಸ್ಟೋರಿಕಾರ್ಪ್ಸ್. ಡೇವ್ ಐಸೆ ಎಂಬವರು 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಕೋಣೆಯನ್ನಿಟ್ಟು ಅದನ್ನು ಆರಂಭಿಸಿದರು. ಬೇಕಾದ ಇಬ್ಬರು, ತಾಯಿ ಮಗನಾಗಲಿ, ಅಜ್ಜ ಮೊಮ್ಮಗಳಾಗಲಿ, ಒಳಗೆ ಕುಳಿತು ನಲವತ್ತು ನಿಮಿಷ ಮಾತನಾಡಬಹುದು. ಒಂದು ಪ್ರತಿ ಅವರಿಗೆ. ಅವರು ಒಪ್ಪಿದರೆ ಇನ್ನೊಂದು ಪ್ರತಿ ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ. ರಾಜಮಂತ್ರಿಗಳ ಕಾಗದಪತ್ರಗಳ ಜೊತೆಯಲ್ಲಿ ಸಾಮಾನ್ಯರ ಮನೆಮಾತೂ ಅಲ್ಲಿ ಸಂರಕ್ಷಿತವಾಗಿದೆ.

ನಮ್ಮ ಅಜ್ಜಿ ಮೊಮ್ಮಗಳ ಕಂತುಗಳಿಂದ ನನಗೆ ಇನ್ನೊಂದು ಲಾಭವಾಯಿತು. ಹೂಡಿಯ ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ತೆಲುಗು, ತಮಿಳು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಶಾಲೆಯಲ್ಲಿ ಇಂಗ್ಲಿಷ್. ಇದರಲ್ಲಿ ನನಗೆ ಬೇಸರವಿಲ್ಲ. ನಾಲ್ಕು ಭಾಷೆ ಕಲಿತ ಮಗು ಬಡವಾಗುವುದಿಲ್ಲ. ಆದರೆ ಮನೆಯ ಕನ್ನಡ ‘ಊಟ ಮಾಡು, ಓದು, ಮಲಗು’ ಎಂಬಷ್ಟಕ್ಕೆ ಇಳಿದಿತ್ತು. ಅಜ್ಜಿಯ ಬಾಯಿಂದ ಕೂರಿಗೆ, ಕಣಜ, ಒಕ್ಕಣೆ, ಮೊರ, ಒನಕೆ, ಬೀಸುಕಲ್ಲು, ಕಣ, ಮೆದೆ ಎಂಬ ಮಾತುಗಳು ಬಂದುವು. ಹುಡುಗಿ ಪ್ರತಿಯೊಂದಕ್ಕೂ ತಡೆದು, ಹಾಗೆಂದರೇನು ಅಜ್ಜಿ ಎಂದು ಕೇಳಿದಳು. ನಾನು ನಿಘಂಟನ್ನು ಕೊಟ್ಟು ಕಲಿಸಲಾರದುದನ್ನು ಒಂದು ಪ್ರಶ್ನೆ ಕಲಿಸಿತು. ಮೊದಲ ದಿನ ನಾನು ನುಂಗಿಹಾಕಿದ್ದ ಪ್ರಶ್ನೆಗೂ ಅಜ್ಜಿಯೇ ಉತ್ತರ ಕೊಟ್ಟರು. ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯಬಾರದು. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರ ಪ್ರಾಣವನ್ನೇ ತೆಗೆದೀತು. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು, ದೀಪ ಆರದಿದ್ದರೆ ಇಳಿಯಬೇಕು.

ಈ ಎಚ್ಚರಿಕೆ ನಮ್ಮ ಹೊಸ ಹಗೇವಿಗೂ ಸಲ್ಲುತ್ತದೆ. ಅಂತರಜಾಲದಲ್ಲಿ ಇಟ್ಟ ಮಾತನ್ನು ನಾಳೆ ತೆಗೆದುಹಾಕಿದರೂ ಅಷ್ಟರಲ್ಲಿ ಯಾರೋ ಪ್ರತಿ ಮಾಡಿಕೊಂಡಿರಬಹುದು. ಮಗುವಿನ ಶಾಲೆಯ ಹೆಸರು, ಮನೆಯ ವಿಳಾಸ, ಬರುವ ಹೋಗುವ ಹೊತ್ತು ಯಾವುದೂ ಅದರಲ್ಲಿ ಬರಬಾರದು. ಮಗಳ ಹೆಸರನ್ನೂ ನಾವು ಹೇಳುವುದಿಲ್ಲ. ಮುದ್ರಿಸಿದ ದಿನವೇ ಹೊರಗೆ ಬಿಡುವುದಿಲ್ಲ. ಒಂದು ವಾರ ಇಟ್ಟು, ಮತ್ತೆ ಕೇಳಿ, ಇಬ್ಬರೂ ಒಪ್ಪಿದರೆ ಮಾತ್ರ ಬಿಡುತ್ತೇವೆ. 2023ರಲ್ಲಿ ನಮ್ಮ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ. ಕಾಯಿದೆ ನಮ್ಮ ಒಪ್ಪಿಗೆಯನ್ನು ಕೇಳುತ್ತದೆ. ಮಗುವಿನ ಒಪ್ಪಿಗೆಯನ್ನು ಕೇಳಬೇಕಾದವರು ನಾವು.

ಅದು ಎಷ್ಟು ಮುಖ್ಯವೆಂಬುದು ಒಂದು ಮುಂಜಾನೆ ತಿಳಿಯಿತು. ಅಂದು ಕೇಳುವ ಸರದಿ ಮಗಳದು. ‘ಅಪ್ಪನ ಶಾಲಾ ದಿನಗಳು’ ಎಂಬುದು ವಿಷಯ. ನಾಲ್ಕಾರು ಪ್ರಶ್ನೆಗಳಾದ ಮೇಲೆ ಅವಳು ಸ್ವಲ್ಪ ತಡೆದು, “ಅಪ್ಪಾ, ನೀವು ಯಾವತ್ತಾದರೂ ಫೇಲಾಗಿದ್ರಾ?” ಎಂದು ಕೇಳಿದಳು. ನಾನು ಮೂರು ಎಣಿಸಿದೆ. ಅದಕ್ಕಿಂತ ಹೆಚ್ಚೇ ಎಣಿಸಿದೆನೆಂದು ಕಾಣುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಮೊದಲ ಸಲ ನನಗೆ ದಕ್ಕಲಿಲ್ಲವೆಂಬುದನ್ನು ಮನೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿದೆ. ಫಲಿತಾಂಶ ನೋಡಿ ಬಂದವನು ಸಂಜೆಯವರೆಗೆ ಕೆರೆಯ ಏರಿಯ ಮೇಲೆ ಕುಳಿತಿದ್ದುದನ್ನೂ, ತಂದೆಯವರು ಹುಡುಕಿಕೊಂಡು ಬಂದು, ಏನೂ ಕೇಳದೆ ಪಕ್ಕದಲ್ಲಿ ಕುಳಿತು, ಕತ್ತಲಾದ ಮೇಲೆ “ಏಳು, ಮುದ್ದೆ ಆರಿಹೋಗ್ತದೆ” ಎಂದುದನ್ನೂ ಹೇಳಿದೆ.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಚೀಲದಿಂದ ಒಂದು ಉತ್ತರಪತ್ರಿಕೆಯನ್ನು ತೆಗೆದು ನನ್ನ ಮುಂದಿಟ್ಟಳು. ಗಣಿತವೇ. ನಾನು ರುಜು ಹಾಕಬೇಕಾಗಿತ್ತು. ಹನ್ನೆರಡು ದಿನಗಳಿಂದ ಅದು ಚೀಲದಲ್ಲಿಯೇ ಇತ್ತು. ನಾನು ಏನೂ ಹೇಳದೆ ರುಜು ಹಾಕಿದೆ. ಆಗಲೂ ಯಂತ್ರ ಓಡುತ್ತಿತ್ತು.

ವಾರ ಕಳೆದ ಮೇಲೆ ಅದನ್ನು ಇಬ್ಬರೂ ಕೇಳಿದೆವು. ಆ ಕಂತಿನಲ್ಲಿ ನನ್ನ ಭಾಷೆ ಶುದ್ಧವಾಗಿರಲಿಲ್ಲ; ನಡುವೆ ಕುಕ್ಕರೂ ಕೂಗಿತ್ತು. ನಾವು ಮಾಡಿದುದರಲ್ಲೆಲ್ಲ ಅದೇ ಚೆನ್ನಾಗಿತ್ತು. “ಇದನ್ನು ಬಿಡೋಣವೇ?” ಎಂದು ಕೇಳಿದೆ. “ಬೇಡ ಅಪ್ಪಾ, ಇದು ನಮ್ಮದು,” ಎಂದಳು. ಅದು ಹೊರಗೆ ಹೋಗಲಿಲ್ಲ. ಇಂದು ನಿಮ್ಮ ಮುಂದೆ ಇಷ್ಟು ಹೇಳುವುದಕ್ಕೂ ಅವಳ ಅಪ್ಪಣೆ ಪಡೆದೇ ಬಂದಿದ್ದೇನೆ.

ನಮ್ಮ ಮೆಟ್ರೋ ಗಾಡಿಗಳಲ್ಲಿ ಕನ್ನಡದ ಪ್ರಕಟಣೆಗಳಿಗೆ ದನಿ ಕೊಟ್ಟವರು ಅಪರ್ಣಾ. 2024ರ ಜುಲೈ 11ರಂದು ಅವರು ತೀರಿಕೊಂಡರು. ಮರುದಿನವೂ ಗಾಡಿಯಲ್ಲಿ ಅವರ ದನಿ ಕೇಳಿ ಎಷ್ಟೋ ಪ್ರಯಾಣಿಕರ ಕಣ್ಣು ತುಂಬಿತು. ವ್ಯಕ್ತಿ ಹೋದ ಮೇಲೆ ಉಳಿಯುವ ವಸ್ತುಗಳಲ್ಲಿ ದನಿಗಿಂತ ಹತ್ತಿರದ್ದು ಯಾವುದಿದೆ? ಅವರು ನಾಡಿಗೆಲ್ಲ ಪರಿಚಿತರು. ಅವರ ದನಿಯನ್ನು ಕಾಪಾಡುವವರಿದ್ದಾರೆ. ನಮ್ಮ ನಿಮ್ಮ ಮನೆಯ ಹಿರಿಯರ ದನಿಯನ್ನು ನಾವಲ್ಲದೆ ಇನ್ನಾರು ಕಾಪಾಡಬೇಕು?

ಆದುದರಿಂದ ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಈ ಭಾನುವಾರ ಫೋನನ್ನು ಒಂದು ಗೇಣು ದೂರದಲ್ಲಿಟ್ಟು, ನಿಮ್ಮ ಮನೆಯ ಮಗುವನ್ನು ಹಿರಿಯರೊಬ್ಬರ ಎದುರಿಗೆ ಕೂರಿಸಿ. ಹತ್ತು ನಿಮಿಷ ಮಾತನಾಡಲಿ. ಲೋಕಕ್ಕೆ ಬಿತ್ತರಿಸುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಮನೆಯೊಳಗೆ ಒಬ್ಬರನ್ನೊಬ್ಬರು ಕೇಳಿರಿ. ಎರಡೂ ಅರ್ಥದಲ್ಲಿ ಕೇಳಿರಿ. ನಾಳೆ ನಿಮ್ಮ ಮೊಮ್ಮಗುವೊಂದು ಪಟ ಒರೆಸುತ್ತ, ಇವರ ದನಿ ಹೇಗಿತ್ತೆಂದು ಕೇಳಿದರೆ, ನನ್ನಂತೆ ನೀವು ಮಾತಿಗಾಗಿ ತಡಕಾಡಬೇಕಾಗಿ ಬರುವುದಿಲ್ಲ.